ಗೋಲ್‌ಕೀಪರ್‌ಗೆ ಬಂದ ಎರಡು ಕರೆ

ಆ ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದಾಗ ನಾನು ಕಾಫಿಗೆ ಸಕ್ಕರೆ ಹಾಕುತ್ತಿದ್ದೆ. ಒಳಗೆ ಬಂದವರು ಮೂವರು. ಟ್ರ್ಯಾಕ್‌ಸೂಟ್ ತೊಟ್ಟ ಒಬ್ಬ ಜಪಾನಿ ಹೆಂಗಸು, ಅವರ ಹಿಂದೆ ಚೀಲವನ್ನು ಎದೆಗವಚಿಕೊಂಡ ನಮ್ಮ ಕಡೆಯ ಒಬ್ಬ ತಾಯಿ, ಕೊನೆಗೆ ಬಾಗಿಲಿನ ಮೇಲ್ಪಟ್ಟಿಗೆ ತಲೆ ತಾಗೀತೇನೋ ಅನ್ನುವಷ್ಟು ಎತ್ತರದ ಹದಿನಾರರ ಹುಡುಗಿ. ಟ್ರ್ಯಾಕ್‌ಸೂಟಿನವರು ಕೂರುವ ಮೊದಲೇ ಸೊಂಟದ ತನಕ ಬಗ್ಗಿ, "ತಪ್ಪು ನನ್ನದು, ದಯವಿಟ್ಟು ಈ ಮಗುವಿಗೆ ಒಂದು ದಾರಿ ತೋರಿಸಿ" ಎಂದರು. ನನ್ನ ಕಾಫಿ ಅಲ್ಲೇ ಉಳಿಯಿತು.

ನಾನು ಕೆಲಸ ಮಾಡುವುದು ಟೋಕಿಯೋದ ಮಿನಾಟೋ ವಾರ್ಡಿನಲ್ಲಿ, ವಿದೇಶಿಯರ ವೀಸಾ, ಮದುವೆ, ಪೌರತ್ವದ ಕಾಗದಗಳನ್ನು ಸಿದ್ಧಪಡಿಸಿಕೊಡುವ ಸಣ್ಣ ಕಚೇರಿಯಲ್ಲಿ. ಅರವತ್ತು ದಾಟಿದ ನಮ್ಮ ಯಜಮಾನಿಯನ್ನು ಎಲ್ಲರೂ ಸೆನ್ಸೈ ಎನ್ನುತ್ತಾರೆ. ಈ ಊರಿನಲ್ಲಿ ಮೇಷ್ಟರಿಗೂ ಕಾನೂನು ಬಲ್ಲವರಿಗೂ ಒಂದೇ ಗೌರವದ ಹೆಸರು. ಭಾರತದಿಂದ ಯಾವ ಕಾಗದ ಬಂದರೂ ಅದು ನನ್ನ ಮೇಜಿಗೇ ಬೀಳುತ್ತದೆ. ಕೆಲಸ ನನಗೆ ಒಗ್ಗಿದೆ, ಆದರೆ ನಾಲಿಗೆಯದೇ ತೊಂದರೆ. ಕೇಳದಿದ್ದರೂ ಅಭಿಪ್ರಾಯ ಹೇಳುವ ಚಟ ನನಗೆ ತುಮಕೂರಿನಿಂದಲೇ ಅಂಟಿದ್ದು.

ವಿಷಯ ಇಷ್ಟು. ಟ್ರ್ಯಾಕ್‌ಸೂಟಿನವರು ಕೋಟೋ ವಾರ್ಡಿನಲ್ಲಿರುವ ಒಂದು ಹುಡುಗಿಯರ ಫುಟ್‌ಬಾಲ್ ಕ್ಲಬ್ಬಿನ ಕೋಚ್. ಈ ಹುಡುಗಿ ಅವರ ಗೋಲ್‌ಕೀಪರ್. ಜಪಾನಿನ ಹದಿನೇಳರ ಒಳಗಿನವರ ತಂಡದ ಶಿಬಿರಕ್ಕೆ, ಅದರ ಬೆನ್ನಿಗೇ ಒಂದು ವಿದೇಶ ಪ್ರವಾಸಕ್ಕೆ ಅವಳಿಗೆ ಕರೆ ಬಂದಿತ್ತು. ಪಾಸ್‌ಪೋರ್ಟಿನ ಪ್ರತಿ ಕೊಡಿ ಎಂದು ಕೇಳಿದಾಗ ತಾಯಿ ಚೀಲದಿಂದ ತೆಗೆದುಕೊಟ್ಟದ್ದು ನಾಲ್ಕು ಸಿಂಹಗಳ ಮುದ್ರೆಯ ನಮ್ಮ ನೀಲಿ ಪಾಸ್‌ಪೋರ್ಟ್. ಕೋಚ್ ಅದನ್ನು ಎರಡು ಸಲ ತಿರುಗಿಸಿ ನೋಡಿದರಂತೆ. ಹುಡುಗಿಯ ಅಪ್ಪ ಜಪಾನಿ, ಮನೆತನದ ಹೆಸರು ಜಪಾನಿ, ಮೈದಾನದಲ್ಲಿ ಕೂಗಾಡುವುದು ಜಪಾನಿಯಲ್ಲಿ. ರಾಷ್ಟ್ರೀಯತೆ ಎಂಬ ಜಾಗದಲ್ಲಿ 'ಜಪಾನ್' ಎಂದು ಕೋಚ್ ತಾವೇ ಗುರುತು ಹಾಕಿಬಿಟ್ಟಿದ್ದರು. ಯಾರನ್ನೂ ಕೇಳಿರಲಿಲ್ಲ.

"ಇನ್ನೊಂದು ವಿಷಯ ಇದೆ ಕಣ್ರೀ, ಅವರಿಗೆ ಹೇಳಿಲ್ಲ," ಎಂದು ತಾಯಿ ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಅಂದರು. "ಇಂಡಿಯಾ ಟೀಮಿನವರೂ ಮೇಲ್ ಕಳ್ಸಿದಾರೆ. ಇವಳ ವಿಡಿಯೋ ಎಲ್ಲೋ ನೋಡಿದ್ರಂತೆ. ಅರ್ಹತಾ ಪಂದ್ಯ ಇದೆಯಂತೆ, ಇವಳೇ ಮೊದಲನೇ ಕೀಪರ್ ಅಂತಿದಾರೆ."

ಅಯ್ಯೋ ನನ್ನ ಪುಣ್ಯವೇ! ಹತ್ತು ವರ್ಷ ಇಲ್ಲಿ ಬೇರೆಯವರ ಜನ್ಮದಾಖಲೆ ಅನುವಾದ ಮಾಡಿದವಳ ಮೇಜಿಗೆ ಎರಡು ದೇಶದ ತಂಡಗಳು ಒಟ್ಟಿಗೆ ಬಂದು ಕೂತಿದ್ದವು. ಎರಡಕ್ಕೂ ಉತ್ತರ ಕೊಡಲು ಇದ್ದದ್ದು ಹದಿನೆಂಟು ದಿನ, ಕೊನೆಯ ದಿನ ಒಂದೇ ಶುಕ್ರವಾರ. ತಾಯಿ ಗುಟ್ಟಾಗಿ ಹೇಳಿದ್ದನ್ನು ನಾನು ಎಲ್ಲರಿಗೂ ಕೇಳುವಂತೆ ಜಪಾನಿಯಲ್ಲಿ ಹೇಳಿಬಿಟ್ಟೆ. ಕೋಚ್ ಹುಡುಗಿಯ ಮುಖ ನೋಡಿದರು. ಹುಡುಗಿ ತನ್ನ ಶೂ ನೋಡಿಕೊಂಡಳು.

ಸೆನ್ಸೈ ಕೇಳಿದ ಮೊದಲ ಪ್ರಶ್ನೆ, ಅಪ್ಪ ಜಪಾನಿಯಾದರೆ ಮಗಳು ಏಕೆ ಅಲ್ಲ ಎಂಬುದು. ಅದಕ್ಕೆ ತಾಯಿಯ ಉತ್ತರವನ್ನು ನಾನು ಸಾಲು ಸಾಲಾಗಿ ಜಪಾನಿಗೆ ತಿರುಗಿಸುತ್ತ ಹೋದೆ.

"ಚೊಚ್ಚಲ ಹೆರಿಗೆ, ತವರಿಗೆ ಹೋಗ್ಬೇಕಲ್ವೇನ್ರೀ? ದಾವಣಗೆರೆಗೆ ಹೋದೆ. ನಮ್ಮನೆಯವರು ಇಲ್ಲೇ ಟೋಕಿಯೋದಲ್ಲಿ. ಜನವರಿ ಕೊನೇಲಿ ಇವಳು ಹುಟ್ಟಿದ್ಳು. ತಂದೆ ಇಲ್ದೆ ಹೆಸರಿಡಬಾರ್ದು ಅಂತ ನಮ್ಮಮ್ಮ ಒಂದೇ ಹಠ. ಇವರಿಗೆ ರಜ ಸಿಕ್ಕಿದ್ದೇ ಮೇ ತಿಂಗಳಲ್ಲಿ. ಬಂದ್ರು, ತೊಟ್ಟಿಲಿಗೆ ಹಾಕಿದ್ವಿ, ಹೆಸರಿಟ್ವಿ, ಊರಿಗೆಲ್ಲಾ ಊಟ ಹಾಕಿದ್ವಿ. ಆಮೇಲೆ ಹೆಸರು ಬರೆದು ಜಪಾನ್ ಕಾನ್ಸುಲೇಟಿಗೆ ಜನನದ ಅರ್ಜಿ ಕೊಡೋಕೆ ಹೋದ್ರೆ ಮೂರು ತಿಂಗಳ ಒಳಗೆ ಕೊಡಬೇಕಿತ್ತು ಅಂದ್ರು. ಒಂಬತ್ತು ದಿನ ಲೇಟು."

ಹೊರದೇಶದಲ್ಲಿ ಹುಟ್ಟಿ, ಹುಟ್ಟಿನಿಂದಲೇ ಆ ದೇಶದ ಪೌರತ್ವವೂ ಸಿಕ್ಕ ಮಗುವಿಗೆ ಜಪಾನಿನ ಪೌರತ್ವ ಉಳಿಯಬೇಕಾದರೆ ಮೂರು ತಿಂಗಳೊಳಗೆ ಹೆತ್ತವರು ಕಾಯ್ದಿರಿಸಿಕೊಳ್ಳಬೇಕು. ಇಲ್ಲವಾದರೆ ಹುಟ್ಟಿದ ದಿನದಿಂದಲೇ ಇಲ್ಲವಾಗುತ್ತದೆ. ಹೀಗೆ ಈ ಹುಡುಗಿ ಐದು ತಿಂಗಳ ಕೂಸಾಗಿದ್ದಾಗಿನಿಂದ ಟೋಕಿಯೋದಲ್ಲೇ ಬೆಳೆದರೂ ಪರದೇಶದವಳಾಗಿಯೇ ಬೆಳೆದಿದ್ದಳು. ಸರಿಪಡಿಸಬಹುದು ಎಂದು ಅವರಿಗೆ ಗೊತ್ತಿತ್ತು. ಇವತ್ತು ನಾಳೆ ಎನ್ನುತ್ತ, ಅಜ್ಜಿ ಮನೆಗೆ ವೀಸಾ ಇಲ್ಲದೆ ಹೋಗಬಹುದಲ್ಲ ಎನ್ನುತ್ತ ಹದಿನಾರು ವರ್ಷ ಕಳೆದಿತ್ತು.

ಸೆನ್ಸೈ ನಿಟ್ಟುಸಿರಿಟ್ಟು, "ಹೆಸರಿನ ಜಾಗ ಖಾಲಿ ಬಿಟ್ಟು ಕೊಟ್ಟಿದ್ದರೂ ತೆಗೆದುಕೊಳ್ಳುತ್ತಿದ್ದರು" ಎಂದರು. ನಾನು ಹಿಂದೆ ಮುಂದೆ ನೋಡದೆ ಅದನ್ನೂ ಕನ್ನಡಕ್ಕೆ ತಿರುಗಿಸಿದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಖಾಲಿ ಬಿಟ್ಟು ಕೊಡಬಹುದಿತ್ತಾ?" ತಾಯಿಯ ಮುಖ ಬಿಳಿಚಿತು. "ಅಲ್ರೀ, ಆ ಒಂಬತ್ತು ದಿನಕ್ಕೆ ನಾನು ನಮ್ಮಮ್ಮನ್ನ ಏನೇನೋ ಅಂದುಬಿಟ್ಟೆ. ಅವತ್ತಿಂದ ನಮ್ಮಿಬ್ಬರಿಗೂ ಮೊದಲಿನ ಹಾಗೆ ಮಾತೇ ಇಲ್ಲ."

ಹುಡುಗಿ ಅಮ್ಮನ ತೋಳು ಹಿಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅರ್ಧಕ್ಕೆ ಇಂಗ್ಲಿಷ್ ಸೇರುತ್ತದೆ ಎಂದು ನನಗೆ ಆಮೇಲೆ ತಿಳಿಯಿತು.

ಸೆನ್ಸೈ ಎದ್ದು ಬಿಳಿ ಹಲಗೆಯ ಮೇಲೆ ಎರಡು ಸಾಲು ಬರೆದರು. ಮೊದಲನೆಯದು ಜಪಾನ್. ಹದಿನೆಂಟು ತುಂಬುವ ಮೊದಲು, ಇಲ್ಲೇ ವಾಸವಿದ್ದರೆ, ನ್ಯಾಯ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಪೌರತ್ವ ವಾಪಸ್ ಪಡೆಯಬಹುದು. ಎಲ್ಲ ಸರಿಯಿದ್ದರೆ ಕೊಟ್ಟ ದಿನದಿಂದಲೇ ಅವಳು ಜಪಾನಿ, ಆ ಗಳಿಗೆಯಿಂದ ಭಾರತದವಳಲ್ಲ, ಏಕೆಂದರೆ ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ಎರಡನೆಯದು ಭಾರತ. ಇರುವ ಪಾಸ್‌ಪೋರ್ಟ್ ಹಿಡಿದು ನಾಳೆಯೇ ಹೋಗಿ ಆಡಬಹುದು. ಆದರೆ ಜಪಾನಿನ ಪೌರತ್ವ ಕೈಯಲ್ಲಿಲ್ಲದಾಗ ಭಾರತಕ್ಕೆ ಒಂದು ಅಧಿಕೃತ ಪಂದ್ಯ ಆಡಿದಳೋ, ಮುಂದೆ ಜಪಾನಿ ಆದರೂ ಜಪಾನ್ ತಂಡಕ್ಕೆ ಆಡುವಂತಿಲ್ಲ. ಫುಟ್‌ಬಾಲಿನ ನಿಯಮಪುಸ್ತಕವನ್ನು ಅವತ್ತು ಮಧ್ಯಾಹ್ನವೆಲ್ಲ ಕೂತು ಓದಿ ನಾನೇ ಖಚಿತಪಡಿಸಿಕೊಂಡೆ.

"ಹಾಗಾದ್ರೆ ಜಪಾನ್ದೇ ಹಾಕ್ರಿ," ಎಂದರು ತಾಯಿ. "ಎಲ್ಲಿ ಸಹಿ ಹಾಕ್ಲಿ?"

"ನೀವು ಹಾಕುವಂತಿಲ್ಲ," ಎಂದರು ಸೆನ್ಸೈ. "ಹದಿನೈದು ದಾಟಿದವರು ತಾವೇ ಖುದ್ದಾಗಿ ಹೋಗಿ, ತಾವೇ ಸಹಿ ಹಾಕಬೇಕು. ಅಪ್ಪ ಅಮ್ಮನ ಸಹಿಗೆ ಅಲ್ಲಿ ಜಾಗವೇ ಇಲ್ಲ."

ಮೊದಲ ಬಾರಿಗೆ ಹುಡುಗಿ ತಲೆಯೆತ್ತಿದಳು.

ಮರುದಿನದಿಂದ ಓಟ ಶುರುವಾಯಿತು. ಅಪ್ಪನ ಕೊಸೆಕಿ, ಅಂದರೆ ಇಲ್ಲಿನ ಕುಟುಂಬ ದಾಖಲೆ, ತರಿಸಿದೆವು. ಅದರಲ್ಲಿ ಅಪ್ಪನ ಹೆಸರಿತ್ತು, ಅಮ್ಮನೊಂದಿಗೆ ಆದ ಮದುವೆಯ ಟಿಪ್ಪಣಿ ಇತ್ತು, ಮಗಳ ಸುದ್ದಿಯೇ ಇರಲಿಲ್ಲ. ವಾರ್ಡ್ ಕಚೇರಿಯಿಂದ ವಾಸದ ದೃಢೀಕರಣ, ಶಾಲೆಯ ಪತ್ರ, ದಾವಣಗೆರೆಯ ಜನನ ಪ್ರಮಾಣಪತ್ರ, ಅದರ ಅನುವಾದ ಎಲ್ಲವನ್ನೂ ಜೋಡಿಸಿದೆ. ಮೂರು ತಿಂಗಳಲ್ಲಿ ಅರ್ಜಿ ಏಕೆ ಕೊಡಲಿಲ್ಲ ಎಂಬ ವಿವರಣೆಯನ್ನೂ ಬರೆಯಬೇಕಿತ್ತು. ಅದು ನನ್ನ ಪಾಲಿನ ಹಬ್ಬ! ಬಾಣಂತಿಯ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಸಾರು, ತೊಟ್ಟಿಲ ಶಾಸ್ತ್ರದಲ್ಲಿ ತಂದೆಯ ಪಾತ್ರ, ಹೀಗೆ ಎರಡು ಪುಟ ಜಪಾನಿಯಲ್ಲಿ ಕೊರೆದೆ.

ಸೆನ್ಸೈ ಓದಿ, ಕೆಂಪು ಪೆನ್ ಹಿಡಿದು ಮೂರು ಸಾಲು ಉಳಿಸಿದರು. "ಪುಸ್ತಕ ಆಮೇಲೆ ಬರಿ. ಹೆರಿಗೆಗೆ ತವರಿಗೆ ಹೋಗುವುದಕ್ಕೆ ನಮ್ಮಲ್ಲೇ ಮಾತಿದೆ, ಸಾತೋಗಾಯೆರಿ. ಅದೊಂದು ಬರೆದರೆ ಯಾವ ಅಧಿಕಾರಿಗೂ ಅರ್ಥವಾಗುತ್ತದೆ. ನಾನೂ ಹೋಗಿದ್ದೆ." ಹತ್ತು ವರ್ಷ ಎದುರುಬದುರು ಕೂತಿದ್ದೇವೆ, ಅವರೂ ತವರಿಗೆ ಹೋಗಿ ಹೆತ್ತವರೆಂದು ನನಗೆ ಗೊತ್ತಾದದ್ದು ಅವತ್ತು.

ಗುರುವಾರ ಕಾಗದಗಳನ್ನು ಮುಂಚಿತವಾಗಿ ತೋರಿಸಲು ನ್ಯಾಯ ಇಲಾಖೆಯ ಕಚೇರಿಗೆ ಹೋದೆ. ಅಧಿಕಾರಿ ಒಂದೊಂದನ್ನೇ ನೋಡಿ ತಲೆಯಾಡಿಸುತ್ತಿದ್ದವರು ಜನನ ಪ್ರಮಾಣಪತ್ರಕ್ಕೆ ಬಂದು ನಿಂತರು. ಬೆಳಕಿಗೆ ಹಿಡಿದರು, ಉಗುರಿನಿಂದ ಮುಟ್ಟಿದರು.

"ಕ್ಷಮಿಸಿ, ಇದೇನು, ಪ್ಲಾಸ್ಟಿಕ್ಕಾ?"

ಲ್ಯಾಮಿನೇಷನ್! ಜೋಪಾನವಾಗಿರಲಿ ಎಂದು ಹದಿನಾರು ವರ್ಷದ ಹಿಂದೆ ದಾವಣಗೆರೆಯಲ್ಲಿ ಯಾರೋ ಮಾಡಿಸಿದ್ದು. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಮದುವೆ ಸರ್ಟಿಫಿಕೇಟಿನ ತನಕ ಯಾವುದು ತಾನೇ ಪ್ಲಾಸ್ಟಿಕ್ ಒಳಗೆ ಹೋಗಿಲ್ಲ? ನನ್ನ ಪದವಿ ಪತ್ರವೂ ಹಾಗೇ ಇದೆ. ಕಾಗದವನ್ನೂ ಮುದ್ರೆಯನ್ನೂ ಮುಟ್ಟಿ ನೋಡಲಾಗದ್ದನ್ನು ಮೂಲಪ್ರತಿ ಎಂದು ಒಪ್ಪಲಾಗದು ಎಂದರು ಅಧಿಕಾರಿ. ಹೊಸದು ತರಬೇಕು. ಅರ್ಜಿ ಕೊಡಲು ಸಿಕ್ಕ ದಿನ ಕೊನೆಯ ಶುಕ್ರವಾರಕ್ಕೆ ಎರಡು ದಿನ ಮೊದಲು, ಬುಧವಾರ. ಬೇರೆ ದಿನ ಖಾಲಿಯಿರಲಿಲ್ಲ.

ಹುಡುಗಿಯ ಸೋದರಮಾವ ದಾವಣಗೆರೆಯಲ್ಲಿ ಕೆಲಸಕ್ಕೆ ರಜ ಹಾಕಿ ಪಾಲಿಕೆಗೆ ಓಡಿದರು. ಒಂದು ದಿನ ಸಹಿ ಹಾಕುವವರಿಲ್ಲ, ಮರುದಿನ ಕರೆಂಟಿಲ್ಲ, ಆಮೇಲೆ ಎರಡನೇ ಶನಿವಾರ. ನಾನು ಇಲ್ಲಿಂದ ಫೋನಿನಲ್ಲಿ ಕಿರುಚಾಡಿದ್ದೇ ಕಿರುಚಾಡಿದ್ದು. "ಮೇಡಂ, ನಾನು ಹುಡುಗಿ ಮಾವ, ಪಾಲಿಕೆ ನಮ್ಮಪ್ಪಂದಲ್ಲ," ಎಂದು ಆ ಮನುಷ್ಯ ತಣ್ಣಗೆ ಹೇಳಿದ ಮೇಲೆ ಸುಮ್ಮನಾದೆ. ಸೋಮವಾರ ಪ್ರಮಾಣಪತ್ರ ಸಿಕ್ಕಿ ಕೊರಿಯರ್ ಹತ್ತಿತು.

ಅದು ಬರುವ ತನಕ ನಾನು ಮಾಡಬಾರದ್ದೊಂದು ಮಾಡಿದೆ. ಭಾನುವಾರ ನದಿ ದಂಡೆಯ ಮೈದಾನಕ್ಕೆ ಹುಡುಗಿಯ ಪಂದ್ಯ ನೋಡಲು ಹೋದೆ. ಫುಟ್‌ಬಾಲ್ ನನಗೆ ಅಷ್ಟಕ್ಕಷ್ಟೆ. ಆದರೆ ಆ ಹುಡುಗಿ ನೆಲಕ್ಕೆ ಅಡ್ಡಡ್ಡ ಹಾರಿ ಚೆಂಡನ್ನು ಬೆರಳ ತುದಿಯಲ್ಲಿ ಹೊರಗೆ ತಳ್ಳಿದಾಗ ನಾನು "ಹೋಯ್! ಭಲೇ!" ಎಂದು ಕೂಗಿದ್ದಕ್ಕೆ ಅಕ್ಕಪಕ್ಕದ ಜಪಾನಿ ಅಮ್ಮಂದಿರು ತಿರುಗಿ ನೋಡಿದರು. ಒಂದಾದ ಮೇಲೊಂದು, ಐದು ಸಲ ಹಿಡಿದಳು. ಎದುರಿನವರು ಪೆನಾಲ್ಟಿ ಹೊಡೆಯಲು ಬಂದಾಗ ಗೆರೆಯ ಮೇಲೆ ಕೈಯಗಲಿಸಿ ನಿಂತು ನಕ್ಕಳು ನೋಡಿ! ಅದನ್ನೂ ಹಿಡಿದಳು!

ಪಂದ್ಯ ಮುಗಿದ ಮೇಲೆ ಕೋಚ್ ನನ್ನ ಪಕ್ಕಕ್ಕೆ ಬಂದು ನಿಂತರು. ಜಪಾನ್ ತಂಡದ ಪ್ರವಾಸಕ್ಕೆ ಮೂವರು ಕೀಪರ್‌ಗಳು ಹೋಗುತ್ತಾರೆ, ಇವಳು ಮೂರನೆಯವಳು, ಎರಡು ವರ್ಷ ತಾಳಿದರೆ ಮೇಲಿನ ವಯಸ್ಸಿನ ತಂಡದಲ್ಲಿ ಖಂಡಿತ ಮೊದಲನೆಯವಳಾಗುತ್ತಾಳೆ ಎಂದರು. ಐದು ವರ್ಷದ ಮಗುವಾಗಿದ್ದಾಗಿನಿಂದ ಅವಳ ಕೈಗೆ ಗ್ಲೌಸ್ ಕಟ್ಟಿದವರು ಅವರೇ.

ನಾನು ಹುಡುಗಿಯನ್ನು ಪಕ್ಕದ ಕೊಂಬಿನಿ ಅಂಗಡಿಗೆ ಕರೆದುಕೊಂಡು ಹೋಗಿ ಅನ್ನದುಂಡೆ ಕೊಡಿಸಿದೆ. ಬಾಯಿ ಸುಮ್ಮನಿರಬೇಕಲ್ಲ?

"ನೋಡು ಪುಟ್ಟ, ಇಂಡಿಯಾ ಜೆರ್ಸಿ ಹಾಕಿ ನೀನು ನಿಂತ್ರೆ ಹೆಂಗಿರುತ್ತೆ! ಇಡೀ ದಾವಣಗೆರೆ ಟೀವಿ ಮುಂದೆ ಕೂತಿರುತ್ತೆ. ಯೋಚ್ನೆ ಮಾಡು."

"ಆಂಟಿ, ಯೂ ಆರ್ ಮೈ ಲಾಯರ್ ಆರ್ ಇಂಡಿಯಾಸ್ ಲಾಯರ್?"

ಮುಖಕ್ಕೆ ಹೊಡೆದ ಹಾಗಾಯಿತು. ಬೇಕಿತ್ತು ನನಗೆ.

ಅವಳು ಅನ್ನದುಂಡೆ ತಿನ್ನುತ್ತ ಒಂದೊಂದಾಗಿ ಕೇಳಿದಳು. ಸಹಿ ಹಾಕಿದರೆ ಅದೇ ದಿನ ಇಂಡಿಯಾ ಮುಗಿಯಿತಾ? ಮುಗಿಯಿತು. ಹಾಕದಿದ್ದರೆ ಇನ್ನೊಮ್ಮೆ ಹಾಕಬಹುದಾ? ಹದಿನೆಂಟು ತುಂಬುವ ತನಕ ಹಾಕಬಹುದು, ಆದರೆ ಮೊದಲು ಇಂಡಿಯಾಕ್ಕೆ ಆಡಿ ಆಮೇಲೆ ಸಹಿ ಹಾಕಿದರೆ ಎರಡೂ ತಂಡ ಇಲ್ಲ, ಪಾಸ್‌ಪೋರ್ಟ್ ಮಾತ್ರ. ಹದಿನೆಂಟು ದಾಟಿದರೆ? ಇಷ್ಟು ಸುಲಭದ ದಾರಿ ಇಲ್ಲ, ಎಲ್ಲರ ಹಾಗೆ ದೊಡ್ಡ ಅರ್ಜಿ, ಅವರು ಒಪ್ಪಿದರೆ ಉಂಟು.

"ಅಪ್ಪ ಏನಂತಾರೆ?" ಎಂದು ಕೇಳಿದೆ.

"ನಿನ್ನ ಗೇಮ್, ನೀನೇ ಡಿಸೈಡ್ ಮಾಡು ಅಂದ್ರು. ಅಮ್ಮ ಜಪಾನ್ ಅಂತಾರೆ. ಎವರಿ ಡೇ. ಅಮ್ಮಂಗೆ ಅದು ಗೇಮ್ ಅಲ್ಲ ಆಂಟಿ."

ಮರುದಿನ ಸೆನ್ಸೈಗೆ ಎಲ್ಲ ಒಪ್ಪಿಸಿದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಎರಡು ಲಕೋಟೆ ಸಿದ್ಧಮಾಡು," ಎಂದರಷ್ಟೆ. "ಒಂದರಷ್ಟೇ ಇನ್ನೊಂದೂ ಅಚ್ಚುಕಟ್ಟಾಗಿರಬೇಕು." ಜಪಾನಿನ ಅರ್ಜಿಯ ಕಡತ ಒಂದು, ಭಾರತ ತಂಡಕ್ಕೆ ಕೊಡಬೇಕಾದ ಒಪ್ಪಿಗೆ ಪತ್ರ, ಪಾಸ್‌ಪೋರ್ಟ್ ಪ್ರತಿ, ಶಾಲೆಯ ಅನುಮತಿಯ ಕಡತ ಇನ್ನೊಂದು. ಅಂಚು ಅಂಚಿಗೆ ಕೂಡಿಸಿ ಎರಡನ್ನೂ ಕಟ್ಟಿದೆ. ಕೊರಿಯರ್ ಹಿಂದಿನ ಶುಕ್ರವಾರ ಬಂದಿರಲಿಲ್ಲ, ಶನಿವಾರ ಬಂದಿರಲಿಲ್ಲ, ಆ ಸೋಮವಾರವೂ ಇಲ್ಲ. ಮಂಗಳವಾರ ಸಂಜೆ ಐದಕ್ಕೆ ಬಂತು. ನಾನು ಆ ಕೊರಿಯರ್‌ನವನಿಗೆ ಇದ್ದಬದ್ದ ಬಿಸ್ಕತ್ತನ್ನೆಲ್ಲ ಕೊಟ್ಟು ಹತ್ತು ಸಲ ಅರಿಗಾತೋ ಹೇಳಿದೆ.

ಬುಧವಾರ ಬೆಳಿಗ್ಗೆ ಹುಡುಗಿ, ತಾಯಿ, ನಾನು ಮೂವರೇ ಹೋದೆವು. ಅಧಿಕಾರಿ ಹೊಸ ಪ್ರಮಾಣಪತ್ರವನ್ನು ಮುಟ್ಟಿ ನೋಡಿ, ವಿವರಣೆಯ ಮೂರು ಸಾಲು ಓದಿ, "ಓಹೋ, ಸಾತೋಗಾಯೆರಿ" ಎಂದು ತಲೆದೂಗಿದರು. ಎಲ್ಲ ಸರಿಯಿತ್ತು. ಅಷ್ಟು ದಿನದ ಓಟ ಸಾರ್ಥಕವಾಗಿತ್ತು! ಅರ್ಜಿಯನ್ನು ಹುಡುಗಿಯ ಕಡೆಗೆ ತಿರುಗಿಸಿ, ಅವಳನ್ನೇ ನೋಡಿ ಕೇಳಿದರು: "ಸಹಿ ಹಾಕಿದ ಮೇಲೆ ನಿಮ್ಮ ಈಗಿನ ಪೌರತ್ವ ಹೋಗಬಹುದು, ಗೊತ್ತಲ್ಲವೆ? ಇದು ನಿಮ್ಮ ಸ್ವಂತ ಇಚ್ಛೆಯೆ?"

ಹುಡುಗಿ ಪೆನ್ ಎತ್ತಿಕೊಂಡಳು. ತಾಯಿ ಮೇಜಿಗೆ ಇನ್ನಷ್ಟು ಹತ್ತಿರ ಸರಿದರು. ಹುಡುಗಿ ಪೆನ್ ಕೆಳಗಿಟ್ಟು, ಐದು ನಿಮಿಷ ಕೊಡಿ ಎಂದು ತಲೆಬಾಗಿ, ಅಮ್ಮನನ್ನು ಗೋಡೆಬದಿಯ ಬೆಂಚಿಗೆ ಕರೆದೊಯ್ದಳು. ನಾನು ಹೋಗಬೇಕೋ ಬೇಡವೋ ತಿಳಿಯದೆ ನಡುವೆ ನಿಂತೆ. ಮಾತು ಕೇಳಿಸುತ್ತಿತ್ತು.

"ಅಮ್ಮ, ನಂಗೆ ಆಡ್ಬೇಕು."

"ಜಪಾನ್‌ಗೂ ಆಡ್ತೀಯಲ್ಲ ಪುಟ್ಟಿ. ಎರಡೇ ವರ್ಷ ಅಂದ್ರಲ್ಲ ಕೋಚು."

"ಟೂ ಇಯರ್ಸ್ ಬೆಂಚ್. ಕೀಪರ್ ಒಬ್ಳೇ ಅಮ್ಮ. ಬೇರೆಯವರು ಆದ್ರೆ ಹಾಫ್ ಟೈಮಲ್ಲಿ ಹೋಗ್ತಾರೆ, ಕೀಪರ್ ಹೋಗಲ್ಲ. ಐ ವಾಂಟ್ ಟು ಸ್ಟ್ಯಾಂಡ್ ದೇರ್. ಈಗ."

"ಆಮೇಲೆ? ನಿನ್ನ ಮನೆ ಇರೋದು ಇಲ್ಲಿ. ನಾಳೆ ಇಲ್ಲಿ ಪರದೇಶಿ ಥರ ಕ್ಯೂ ನಿಲ್ತೀಯಾ?"

"ಈಗ್ಲೂ ನಿಲ್ತೀನಲ್ಲ. ನಿಂತು ಗೊತ್ತಿದೆ ನಂಗೆ."

"ನಾನು ಮಾಡಿದ ತಪ್ಪು ಸರಿ ಮಾಡೋಕೆ ಬಂದಿದೀವಿ ಕಣೇ!" ತಾಯಿ ಅವಳ ಕೈ ಹಿಡಿದರು. "ಹದಿನಾರು ವರ್ಷ ಹೊಟ್ಟೇಲಿ ಇಟ್ಕೊಂಡಿದೀನಿ."

"ಯಾವ ತಪ್ಪು?" ಹುಡುಗಿಗೆ ನಿಜವಾಗಿಯೂ ಅಚ್ಚರಿಯಾದಂತಿತ್ತು. "ನೀನು ಟೈಮಿಗೆ ಕೊಟ್ಟಿದ್ರೆ ನಂಗೆ ಜಪಾನ್ ಪಾಸ್‌ಪೋರ್ಟ್ ಇರ್ತಿತ್ತು. ಇಂಡಿಯಾ ನನ್ನ ಕರೀತಾನೇ ಇರ್ಲಿಲ್ಲ. ಅಜ್ಜಿ ವೇಟ್ ಮಾಡ್ಸಿದ್ರಲ್ಲ, ಅದ್ರಿಂದಾನೇ ಅಮ್ಮ ಐ ಹ್ಯಾವ್ ದಿಸ್. ಯಾರೂ ತಪ್ಪು ಮಾಡಿಲ್ಲ."

ತಾಯಿ ಚೂಡಿದಾರದ ದುಪಟ್ಟಾದಲ್ಲಿ ಮುಖ ಒರೆಸಿಕೊಂಡರು, ಎರಡು ಸಲ. ಆಮೇಲೆ ಎದ್ದು, ನನ್ನನ್ನು ದಾಟಿ, ತಾವೇ ಕೌಂಟರಿಗೆ ಹೋದರು. ಅಷ್ಟು ದಿನ ನನ್ನ ಬಾಯಿಂದಲೇ ಮಾತಾಡಿಸಿದ್ದ ಹೆಂಗಸು, ತಮ್ಮದೇ ಜಪಾನಿಯಲ್ಲಿ, ತಡವರಿಸುತ್ತ, "ನಿಮಗೆ ಬಹಳ ತೊಂದರೆ ಕೊಟ್ಟೆವು. ಮಗಳು ತೀರ್ಮಾನ ಮಾಡಿದ್ದಾಳೆ. ಇವತ್ತು ಅರ್ಜಿ ಕೊಡುವುದಿಲ್ಲ," ಎಂದು ಬಗ್ಗಿದರು. ಅಧಿಕಾರಿ ಗಾಬರಿಯಾಗಿ ಎದ್ದುನಿಂತು ತಾವೂ ಬಗ್ಗಿದರು. ನನಗೆ ಅಳು, ನಗು, ಕುಣಿಯಬೇಕೆನ್ನುವ ಆಸೆ ಎಲ್ಲ ಒಟ್ಟಿಗೆ ಬಂತು. ಸರ್ಕಾರಿ ಕಚೇರಿ, ತಡೆದುಕೊಂಡೆ.

ಹೊರಗೆ ಬಂದು ಹುಡುಗಿ ಮೊದಲು ಕೋಚ್‌ಗೆ ಫೋನ್ ಮಾಡಿದಳು. ಕೋಚ್ ಕೇಳಿದ್ದು ಒಂದೇ, ಅಲ್ಲಿನ ಮೈದಾನದ ಹುಲ್ಲು ಎಂಥದು, ಒಣಗಿದ ನೆಲಕ್ಕೆ ಬೇರೆ ಗ್ಲೌಸ್ ಬೇಕಾಗುತ್ತದೆ, ಸಂಜೆ ಬಾ. ಹುಡುಗಿ ಅದನ್ನು ನಮಗೆ ಹೇಳಿ, ಕಟ್ಟಡದ ಹಿಂದೆ ಹೋಗಿ ಒಬ್ಬಳೇ ಅತ್ತು ಬಂದಳು. ನಾನು ಭಾರತದ ಲಕೋಟೆಯನ್ನು ಅಲ್ಲೇ ಹೊರಗಿನ ಒಂದು ಬೆಂಚಿನ ಮೇಲೆ ಬಿಚ್ಚಿ, ಅವಳ ಸಹಿ ಹಾಕಿಸಿಕೊಂಡು, ಫೋನಿನಲ್ಲೇ ಸ್ಕ್ಯಾನ್ ಮಾಡಿ ಕಳಿಸಿದೆ. ಎರಡು ದಿನ ಬಾಕಿಯಿತ್ತು, ಆದರೆ ನನಗೆ ಎರಡು ನಿಮಿಷ ಕಾಯುವ ತಾಳ್ಮೆ ಇರಲಿಲ್ಲ.

ಅಷ್ಟರಲ್ಲಿ ತಾಯಿ ದಾವಣಗೆರೆಗೆ ಫೋನ್ ಹಚ್ಚಿದ್ದರು. ಅಲ್ಲಿ ಬೆಳಗಿನ ಹೊತ್ತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದ್ದರೋ ಏನೋ, ಮುದುಕಿಯ ದನಿ ನಮಗೆಲ್ಲ ಕೇಳಿಸಿತು.

"ಯಾಕವ್ವಾ, ಏನಾತು? ಇವತ್ತು ಯಾವ ಹಬ್ಬನೂ ಇಲ್ಲಲ್ಲ?"

"ಏನೂ ಆಗಿಲ್ಲಮ್ಮ. ನಿನ್ನ ಮೊಮ್ಮಗಳು ಇಂಡಿಯಾಕ್ಕೆ ಆಡ್ತಾಳಂತೆ." ತಾಯಿ ಫೋನನ್ನು ಬಾಯಿಗೆ ಹತ್ತಿರ ಹಿಡಿದರು. "ಅವತ್ತು ಮಗೂನ ಅಪ್ಪ ಬರ್ಲಿ, ಆಮೇಲೆ ಹೆಸರಿಡೋಣ ಅಂತ ಕಾಯಿಸಿದ್ಯಲ್ಲ, ಒಳ್ಳೇದೇ ಮಾಡ್ದೆ ಬಿಡಮ್ಮ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಮುದುಕಿ ಮೆಲ್ಲಗೆ, "ಇನ್ನೊಂದ್ಸಲ ಹೇಳವ್ವಾ," ಅಂದಳು.